ಸಾಂಬಾರು ನೋಡಿ ಶಾಲೆ ಹಿಡಿದದ್ದು

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಸ ಊರಿಗೆ ಹೋದವರು ಆಸ್ಪತ್ರೆ ಎಲ್ಲಿದೆ, ದೇವಸ್ಥಾನ ಎಲ್ಲಿದೆ ಎಂದು ವಿಚಾರಿಸುತ್ತಾರೆ. ನಾನು ಇಡ್ಲಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತೇನೆ. ಉಡುಪಿ ಕಡೆಯವನಾದ ನನಗೆ ಇದರಲ್ಲಿ ನಾಚಿಕೆಪಡುವಂಥದ್ದೇನೂ ಕಂಡಿರಲಿಲ್ಲ, ಬ್ಯಾಂಕಿನವರು ನನ್ನನ್ನು ಮುಂಬಯಿಗೆ ವರ್ಗ ಮಾಡುವ ತನಕ. ವರ್ಗದ ಕಾಗದ ಕೈಗೆ ಬಂದಾಗ ನಿಜ ಹೇಳಬೇಕೆಂದರೆ ನನಗೆ ಖುಷಿಯೋ ಖುಷಿ. ಸಮುದ್ರ, ಲೋಕಲ್ ಟ್ರೈನು, ಮೂಲೆಗೊಂದು ನಮ್ಮವರ ಹೋಟೆಲು. ಹೆಂಡತಿ ವಿದ್ಯಾಳಿಗೆ ಮಾತ್ರ ಕಂಡದ್ದು ಎರಡೇ: ಆರು ವರ್ಷದ ಇಳಾಳ ಒಂದನೇ ಕ್ಲಾಸು, ಮೂರು ವರ್ಷದ ಪುಟ್ಟನ ನರ್ಸರಿ. ಬ್ಯಾಂಕಿನ ಗೆಸ್ಟ್ ಹೌಸಿನಲ್ಲಿ ನಮಗೆ ಕೊಟ್ಟದ್ದು ಒಂದು ತಿಂಗಳ ವಾಯಿದೆ. ಬಂದ ದಿನವೇ ಅವಳು ಹೇಳಿಬಿಟ್ಟಳು: "ತಿಂಗಳೊಳಗೆ ಶಾಲೆ ಸಿಗ್ಲಿಲ್ಲ ಅಂದ್ರೆ ನಾನು ಮಕ್ಕಳನ್ನ ಕರ್ಕೊಂಡು ಉಡುಪಿಗೆ ಹೋಗ್ತೇನೆ. ನೀವು ಇಲ್ಲೇ ಲೋಕಲಿನಲ್ಲಿ ನೇತಾಡಿಕೊಂಡಿರಿ."

ವಿದ್ಯಾ ಒಂದು ನೋಟುಬುಕ್ಕಿನಲ್ಲಿ ಗೆರೆ ಹೊಡೆದು, ಶಾಲೆ, ಮನೆಯಿಂದ ದೂರ, ನೀರು ಬರುವ ಹೊತ್ತು, ಕಟ್ಟಡಕ್ಕೆ ಲಿಫ್ಟು ಉಂಟೋ ಇಲ್ಲವೋ ಎಂದೆಲ್ಲ ಬರೆಯತೊಡಗಿದಳು. ನಾನು ಯಾವ ಏರಿಯಾ ಒಳ್ಳೆಯದೆಂದು ಕೇಳಲು ನೆಟ್ಟಗೆ ವಡಾಲದ ವಾಸುಮಾವನ ಬಳಿಗೆ ಹೋದೆ. ವಾಸುಮಾವ ನನ್ನ ಅಮ್ಮನ ತಮ್ಮ. ಆಯುಷ್ಯವನ್ನೆಲ್ಲ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕಳೆದವರು. "ಮ್ಯಾಪು ಗೀಪು ಎಂತಕ್ಕೆ ಮಾರಾಯ?" ಎಂದರು. "ಹೋಟೆಲಿಗೆ ಹೋಗಿ ಸಾಂಬಾರು ತಿಂದು ನೋಡು. ಸಾಂಬಾರು ಒಳ್ಳೇದುಂಟು ಅಂದ್ರೆ ಅಡುಗೆಯ ಭಟ್ರು ತುಂಬ ವರ್ಷದಿಂದ ಅಲ್ಲೇ ಇದ್ದಾರೆ ಅಂತ ತಿಳ್ಕೋ. ಭಟ್ರು ನಿಂತ ಏರಿಯಾದಲ್ಲಿ ನೀರು, ಜನ, ಶಾಲೆ, ಎಲ್ಲ ಸರಿ ಇರ್ತದೆ." ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹೆಂಡತಿಯ ನೋಟುಬುಕ್ಕಿಗಿಂತ ಇದೇ ಶಾಸ್ತ್ರೀಯ ಎಂದು ನನಗೆ ಆ ಕ್ಷಣವೇ ಖಾತ್ರಿಯಾಯಿತು.

ಮೂರು ದಿನ ರಜೆ ಹಾಕಿ ಸಂಸಾರ ಸಮೇತ ಹೊರಟೆವು. ಮೊದಲ ದಿನ ವಡಾಲ. ಸಾಂಬಾರು ಅಮೃತ, ಶಾಲೆ ಭರ್ತಿ. ಎರಡನೆಯ ದಿನ ಸಾಂತಾಕ್ರೂಜ್. ವಿದ್ಯಾಳಿಗೆ ಅಲ್ಲಿನ ಒಂದು ಶಾಲೆ ತುಂಬ ಹಿಡಿಸಿತು. ಪುಟ್ಟನಿಗಂತೂ ತಲೆಯ ಮೇಲೆ ಹಾದುಹೋಗುವ ಒಂದೊಂದು ವಿಮಾನಕ್ಕೂ ಟಾಟಾ ಮಾಡಿ ಕೈ ಸೋತುಹೋಗಿತ್ತು. ಆದರೆ ಹೋಟೆಲಿನ ಸಾಂಬಾರು? ಬೆಲ್ಲದ ಪಾನಕಕ್ಕೆ ಒಗ್ಗರಣೆ ಹಾಕಿದ ಹಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲವಲ್ಲ. "ವಿಮಾನದ ಸದ್ದಿಗೆ ಮಕ್ಕಳ ಓದು ಕೆಡುತ್ತದೆ" ಎಂದೆ. ಇನ್ನೂ ಅ ಆ ಇ ಈ ತಿದ್ದುತ್ತಿರುವ ಮಕ್ಕಳ ಓದಿನ ಬಗ್ಗೆ ನಾನು ಅಷ್ಟು ಗಂಭೀರವಾಗಿ ಮಾತಾಡಿದ್ದು ಅದೇ ಮೊದಲು.

ಮೂರನೆಯ ದಿನ ಘಾಟ್ಕೋಪರ್. ಇಡ್ಲಿಯ ಮೊದಲ ತುಂಡು ಬಾಯಿಗೆ ಹೋದದ್ದೇ ನನ್ನ ಕಣ್ಣು ತುಂಬಿಬಂತು. ಹೋಟೆಲಿನ ಎದುರಿಗೇ ಒಂದು ಶಾಲೆ. ವಿದ್ಯಾ ವಿಚಾರಿಸಲು ಗೇಟಿನೊಳಗೆ ಹೋದಳು. ನಾನು ಎರಡನೇ ಬಟ್ಟಲು ಸಾಂಬಾರು ತರಿಸಿದೆ. ಮರಳಿ ಬಂದವಳ ಮುಖ ಅರಳಿತ್ತು. "ಆಡ್ಲಿಕ್ಕೆ ಅಂಗಳ ಉಂಟು. ಟೀಚರು ಮಕ್ಕಳ ಹತ್ರ ಬಗ್ಗಿ ಮಾತಾಡ್ತಾರೆ. ಎರಡೇ ಎರಡು ಸೀಟು ಉಳಿದಿದೆಯಂತೆ, ನಾಳೆ ಬರ್ಲಿಕ್ಕೆ ಹೇಳಿದ್ರು." ನಾನು ಸಂತೋಷ ತಡೆಯಲಾರದೆ ಇಳಾಳ ಕಿವಿಯಲ್ಲಿ, "ನೋಡಿದೆಯಾ? ಸಾಂಬಾರು ಒಳ್ಳೆಯದಿದ್ದರೆ ಶಾಲೆಯೂ ಒಳ್ಳೆಯದೇ" ಎಂದೆ. ಮಕ್ಕಳ ಕಿವಿಯಲ್ಲಿ ಹೇಳಿದ್ದು ಅಲ್ಲಿಯೇ ಉಳಿಯುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯಿನಿ ನಮ್ಮನ್ನು ಕೂರಿಸಿ, "ಇದು ಇಂಟರ್‌ವ್ಯೂ ಅಲ್ಲ, ಬರೀ ಮಾತುಕತೆ" ಎಂದು ನಗುತ್ತಾ ಹೇಳಿದರು. ಹಾಗೆ ಹೇಳಿದ್ದೇ ನಾನು ಇನ್ನಷ್ಟು ನೆಟ್ಟಗೆ ಕೂತೆ. ನಮ್ಮ ಶಾಲೆಯನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದರು. ಮೌಲ್ಯಗಳು, ಶಿಸ್ತು, ಸರ್ವಾಂಗೀಣ ಬೆಳವಣಿಗೆ ಎಂದೆಲ್ಲ ರಾತ್ರಿ ಉರು ಹೊಡೆದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಇಳಾ ಎದ್ದು ನಿಂತು, "ಅಪ್ಪ ಸೆಡ್, ಸಾಂಬಾರ್ ಈಸ್ ಗುಡ್ ಹಿಯರ್" ಎಂದಳು.

ವಿದ್ಯಾ ನನ್ನನ್ನು ನೋಡಿದ ನೋಟದಲ್ಲಿ ಉಡುಪಿಯ ಟಿಕೆಟ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಾಮ್‌ನೇವಾಲಾ ಹೋಟೆಲ್?" ಎಂದು ಎದುರಿನ ಹೋಟೆಲಿನತ್ತ ಕೈ ತೋರಿಸಿದರು. "ಸಾಂಬಾರ್ ಅಚ್ಛಾ ಹೈ. ಲೇಕಿನ್ ಚಟ್ನಿ ಬಹುತ್ ಪತಲೀ ಹೈ." ಚಟ್ನಿ ನೀರಾಗಿರುವುದು ತಪ್ಪು ಎಂಬ ಆ ಮಾತನ್ನು ನಾನು ಒಪ್ಪಲಿಲ್ಲ. ಸೀಟು, ಸಂಸಾರ ಎಲ್ಲವನ್ನೂ ಮರೆತು, ಇಡ್ಲಿಯ ಚಟ್ನಿ ನೀರಾಗಿಯೇ ಇರಬೇಕೆಂದು ಹರಕುಮುರುಕು ಹಿಂದಿಯಲ್ಲಿ ವಾದಕ್ಕಿಳಿದೆ. ವಿದ್ಯಾ ಮೇಜಿನಡಿ ಎರಡು ಸಲ ನನ್ನ ಕಾಲು ತುಳಿದಳು. ಕೊನೆಗೆ ಮುಖ್ಯೋಪಾಧ್ಯಾಯಿನಿಯೇ ನಗುತ್ತಾ ಎರಡು ಅರ್ಜಿಗಳಿಗೂ ಸಹಿ ಹಾಕಿದರು. ಆ ವಾರವೇ ಅಲ್ಲೇ ಹಿಂದಿನ ಗಲ್ಲಿಯಲ್ಲಿ ಮನೆಯೂ ಸಿಕ್ಕಿತು.

ಶಾಲೆ ಶುರುವಾದ ದಿನ ಮಕ್ಕಳನ್ನು ಗೇಟಿನೊಳಗೆ ಬಿಟ್ಟು, ಗೆದ್ದ ಗತ್ತಿನಲ್ಲಿ ಹೋಟೆಲಿಗೆ ನುಗ್ಗಿದೆ. ಒಂದು ಚಮಚ ಸಾಂಬಾರು ಬಾಯಿಗಿಟ್ಟೆ. ಬೇಳೆ ಒಂದು ಕಡೆ, ನೀರು ಒಂದು ಕಡೆ. ಗಲ್ಲಾಪೆಟ್ಟಿಗೆಯ ಮುಂದಿದ್ದವರನ್ನು ಹೋಗಿ ಕೇಳಿದೆ. "ಭಟ್ರು ಬಿಟ್ಟು ಹೋದ್ರಲ್ಲ ಮಾರಾಯ್ರೆ" ಎಂದರು. "ಅವರ ಮಗಳಿಗೆ ಸಾಂತಾಕ್ರೂಜಿನ ಒಂದು ಒಳ್ಳೆ ಶಾಲೆಯಲ್ಲಿ ಸೀಟು ಸಿಕ್ತು. ಮನೆ ಅಲ್ಲೇ ಮಾಡಿದ್ರು, ಕೆಲಸವೂ ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಹಿಡಿದ್ರು. ಮಕ್ಕಳ ಶಾಲೆ ಮುಖ್ಯ ಅಲ್ವಾ? ನಾವು ಹೇಗೆ ಬೇಡ ಹೇಳುವುದು?"

ನಾನು ತಲೆ ತಗ್ಗಿಸಿ ಇಡ್ಲಿ ಮುಗಿಸಿದೆ. ವಿದ್ಯಾಳಿಗೆ ಇದನ್ನು ಇನ್ನೂ ಹೇಳಿಲ್ಲ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಮೆಟ್ರೊ, ಲೋಕಲ್ ಎರಡನ್ನೂ ಹಿಡಿದು ವಿಮಾನ ತೋರಿಸಲು ಪುಟ್ಟನನ್ನು ಸಾಂತಾಕ್ರೂಜಿಗೆ ಕರೆದುಕೊಂಡು ಹೋಗುತ್ತೇನೆ. ಎಂಥ ಅಪ್ಪ ಎಂದು ಕಟ್ಟಡದವರೆಲ್ಲ ಹೊಗಳುತ್ತಾರೆ. ವಿಮಾನ ನೋಡುವುದಕ್ಕೆ ಸ್ಟೀಲಿನ ಡಬ್ಬಿ ಯಾಕೆ ಎಂದು ಪುಟ್ಟ ಇನ್ನೂ ಕೇಳಿಲ್ಲ. ಆದರೆ ಇಳಾ ಎರಡು ವಾರದಿಂದ ಡಬ್ಬಿಯನ್ನೇ ನೋಡುತ್ತಿದ್ದಾಳೆ.