ಕಾಕಾನ ಕಣ್ಣಿಗೆ ಬಿದ್ದ ಅಂಗಾಂಶಗಳು

ನಮ್ಮ ಕಾಕಾನಿಗೆ ಜಗತ್ತಿನಲ್ಲಿ ಮನುಷ್ಯರೇ ಕಾಣುವುದಿಲ್ಲ. ಬರೀ ಅಂಗಾಂಶಗಳು ಕಾಣುತ್ತವೆ! ಕಲಿತದ್ದು ಏಳನೆಯ ಇಯತ್ತೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಗಾಜು ತೊಳೆಯುತ್ತಲೇ ಎಲ್ಲ ಸ್ಲೈಡುಗಳ ಗುರುತು ಬಾಯಿಪಾಠ ಮಾಡಿಕೊಂಡವರು. ನಿವೃತ್ತಿಯ ದಿನ ಕೊಟ್ಟ ಹಳೆಯ ಸೂಕ್ಷ್ಮದರ್ಶಕವನ್ನು ಸ್ಲೈಡಿನ ಪೆಟ್ಟಿಗೆ ಸಮೇತ ಕೂಸಿನಂತೆ ಎತ್ತಿಕೊಂಡು ನಮ್ಮೂರು ಸಂಶಿಯಲ್ಲಿ ಬಸ್ಸಿನಿಂದ ಇಳಿದರು.

ಅವರ ಪಾಲಿಗೆ ಸಿಕ್ಕ ಶಿಷ್ಯ ನಾನು. ಪಿ.ಯು.ಸಿ. ಜೀವಶಾಸ್ತ್ರದ ಪ್ರಾಕ್ಟಿಕಲ್ಲಿನಲ್ಲಿ ಎರಡು ಸಲ ಫೇಲು. ಒಮ್ಮೆ ಓದದೆ, ಇನ್ನೊಮ್ಮೆ ಪರೀಕ್ಷಕರ ಕೆಮ್ಮನ್ನು ಅವರ ಬೆನ್ನ ಹಿಂದೆಯೇ ಕೆಮ್ಮಿ ತೋರಿಸಿ! ಬರುವ ತಿಂಗಳು ಮೂರನೆಯ ಸಲ.

"ನೀ ಪೇರಂಕೈಮ ಲೇ, ಗಿಡದಾಗಿನ ಮೆತ್ತನ ಅಂಗಾಂಶ. ಗೋಡಿ ತೆಳು, ನಡುನಡುವ ಬರೇ ಖಾಲಿ ಜಾಗ!" ಎಂದು ಪಾಠ ಶುರುವಾಯಿತು. "ನಿಮ್ಮ ಕಾಕು ಸ್ಕ್ಲೀರಂಕೈಮ. ಗೋಡಿ ಅಗದಿ ದಪ್ಪ, ಬಗ್ಗೂದಿಲ್ಲ. ಅದಕ್ಕ ಈ ಮನಿ ನಿಂತೈತಿ."

ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮತ್ತ ಅದರೊಳಗ ಜೀವ ಇರತೈತೇನ್ರಿ?"

"ಇಲ್ಲಬೇ, ಸತ್ತಿರತೈತಿ."

ಅಂದು ಕಾಕಾನ ತಾಟಿನಲ್ಲಿ ಬರೀ ರೊಟ್ಟಿ. ಪಲ್ಯ ಬರಲೇ ಇಲ್ಲ!

ಒಂದು ದಿನ ನನಗೆ ಕಿಡಿಗೇಡಿತನ ಹತ್ತಿತು. ಅಂದಿನ ಪಾಠಕ್ಕೆಂದು ಕಾಕಾ ಹೇಳಿ ಇಡಿಸಿದ್ದ ಹೃದಯದ ಸ್ನಾಯುವಿನ ಸ್ಲೈಡು ತೆಗೆದು ಜೋಳದ ದಂಟಿನ ತೆಳು ಹೋಳು ಇಟ್ಟೆ. ದಂಟಾದರೆ ಚುಕ್ಕಿ ಚುಕ್ಕಿಯಾಗಿ ಕಾಣಬೇಕು. ಕಾಕಾ ಕಣ್ಣು ಹಚ್ಚಿ ಗಂಭೀರವಾಗಿ ಹೇಳಿದರು: "ಹೃದಯದ ಸ್ನಾಯು. ಪಟ್ಟಿ ಅದಾವು, ಕವಲು ಅದಾವು. ಯಾರ ಮಾತೂ ಕೇಳೂದಿಲ್ಲ, ದಣಿಯೂದಿಲ್ಲ."

ದಂಟಿಗೆ ಹೃದಯ! ಹೊಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಓಡಿ, ಕಾಕಾನ ದನಿಯಲ್ಲೇ ಎಲ್ಲ ಒಪ್ಪಿಸಿದೆ. ಕಾಕು ನಗಲಿಲ್ಲ.

"ಅವರಿಗೆ ಕಣ್ಣ ಮಂಜಾಗಿ ವರ್ಷ ಆತಪ್ಪ. ಆಪರೇಷನ್ ಆಗಬೇಕು. 'ಕಣ್ಣಿಗೆ ಪಟ್ಟಿ ಕಟಗೊಂಡು ಮಲಗಿದರ ಹುಡುಗಗ ಗುರುತು ಯಾರ ಹೇಳತಾರ? ಅಂವಾ ಪಾಸಾಗೂತನಕ ಒಲ್ಲೆ' ಅಂತಾರ."

ನಾನು ಪಡಸಾಲೆಗೆ ಬಂದು ದಂಟು ತೆಗೆದೆ. ಮೊದಲಿನ ಸ್ಲೈಡು ಇಟ್ಟು ಕಣ್ಣು ಹಚ್ಚಿದೆ. ಅವರ ದನಿಯಲ್ಲೇ ಹೇಳಬೇಕೆಂದಿದ್ದೆ. ಬಂದದ್ದು ನನ್ನದೇ ದನಿ.

"ಕಾಕಾ, ಅಡ್ಡಪಟ್ಟಿ ಅದಾವ್ರಿ. ಕವಲೊಡೆದು ಒಂದಕ್ಕೊಂದು ಕೂಡ್ಯಾವು. ಹೃದಯದ್ದರಿ."

ಕಾಕಾ ಗಾಳಿಯಲ್ಲಿ ತಡಕಾಡಿ ನನ್ನ ತಲೆ ಹುಡುಕಿ ಅದರ ಮೇಲೆ ಕೈಯಿಟ್ಟರು.

"ಪಾಸಾದಿ ಬಿಡಲೇ. ನಾಳೆ ದವಾಖಾನಿಗೆ ಹೋಗೂಣು."