ಮೀಟರ್ ತಿರುಗಿಸದ ಗಾಡಿ

ವಸ್ತುಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಈ ಕಾಲದಲ್ಲಿ ಒಂದು ಅಪರಾಧ. ಇದು ನನಗೆ ಐವತ್ತೆಂಟನೆಯ ವಯಸ್ಸಿನಲ್ಲಿ, ಅದೂ ನನ್ನ ಮನೆಯ ಅಂಗಳದಲ್ಲೇ, ಕಂಡಕಂಡವರ ಬಾಯಿಂದ ಗೊತ್ತಾಯಿತು. ಹಾಳು ಮಾಡುವವರನ್ನು ಯಾರೂ ಏನೂ ಅನ್ನುವುದಿಲ್ಲ. ನಮ್ಮ ಪಕ್ಕದ ಮನೆಯವರ ಕಾರಿನ ಬಂಪರನ್ನು ಹಗ್ಗದಲ್ಲಿ ಕಟ್ಟಿದ್ದಾರೆ. ಅವರು ಬೀದಿಯಲ್ಲಿ ತಲೆ ಎತ್ತಿಕೊಂಡೇ ಓಡಾಡುತ್ತಾರೆ. ಎಂಟು ವರ್ಷ ಒಂದು ಗೀರು ಬೀಳದ ಹಾಗೆ ಗಾಡಿ ಇಟ್ಟುಕೊಂಡ ನನ್ನನ್ನು ಮಾತ್ರ ಕಳ್ಳ ಎಂದರು.

ನನ್ನದು ರಾಮನಗರದಲ್ಲಿ ಪಾತ್ರೆ ಅಂಗಡಿ. ಕೊಡ ಕೊಳ್ಳಲು ಬಂದವರು ಅದನ್ನು ಬೆರಳಲ್ಲಿ ತಟ್ಟಿ, ಬೆಳಕಿಗೆ ಹಿಡಿದು, ಇಲ್ಲದ ತೂತು ಹುಡುಕಿ, ಕೊನೆಗೆ ಒಂದು ಲೋಟ ಕೊಂಡು ಹೋಗುವುದನ್ನು ಮೂವತ್ತು ವರ್ಷದಿಂದ ನೋಡಿದ್ದೇನೆ. ಹೆದ್ದಾರಿಗೆ ನಮ್ಮ ಜಮೀನು ಹೋಗಿ ಪರಿಹಾರ ಬಂದಾಗ ನನಗೂ ತಲೆ ತಿರುಗಿ, ಏಳು ಸೀಟಿನ ದೊಡ್ಡ ವಿದೇಶಿ ಗಾಡಿ ತಂದೆ. ಬಿಳಿ ಬಣ್ಣ, ಬೆಣ್ಣೆ ಬಣ್ಣದ ಚರ್ಮದ ಸೀಟು, ತಲೆಯ ಮೇಲೆ ಗಾಜಿನ ಚಾವಣಿ. ಸೀಟಿನ ಪ್ಲಾಸ್ಟಿಕ್ ತೆಗೆಯಲಿಲ್ಲ. ಯಾಕೆ ತೆಗೆಯಬೇಕು? ನಮ್ಮ ಮನೆಯ ಟಿ.ವಿ. ರಿಮೋಟು ಇವತ್ತಿಗೂ ಬಂದ ಕವರಿನಲ್ಲೇ ಇದೆ. ಮದುವೆಯಲ್ಲಿ ಮಾವ ಹೊಲಿಸಿಕೊಟ್ಟ ಸೂಟನ್ನು ಒಂದೇ ಸಲ ಹಾಕಿದ್ದು. ಸೂಟು ಇನ್ನೂ ಹಾಗೇ ಇದೆ, ಅದರೊಳಗೆ ಹಿಡಿಸುವ ಮೈ ಈಗ ಇಲ್ಲ. ಗಾಡಿಯನ್ನು ವಾರಕ್ಕೊಮ್ಮೆ ಷೆಡ್ಡಿನಿಂದ ಗೇಟಿನವರೆಗೆ ತಂದು, ಎಂಜಿನ್ ಸದ್ದು ಕೇಳಿ ಸಂತೋಷಪಟ್ಟು, ಹಳೆಯ ಪಂಚೆಯಲ್ಲಿ ಒರೆಸಿ, ಹಿಂದಕ್ಕೆ ಬಿಡುತ್ತಿದ್ದೆ. ಮಳೆಯಲ್ಲಿ ತೆಗೆದರೆ ಕೆಸರು, ಬಿಸಿಲಲ್ಲಿ ತೆಗೆದರೆ ಬಣ್ಣ ಮಾಸುತ್ತದೆ, ಮಿಕ್ಕ ದಿನ ಮದುವೆ ಸೀಸನ್ನು, ಅಂಗಡಿ ಬಿಡುವ ಹಾಗಿಲ್ಲ. ಹೀಗಾಗಿ ಮೀಟರು ಎರಡು ಸಾವಿರ ಕಿಲೋಮೀಟರು ಕೂಡ ದಾಟಿರಲಿಲ್ಲ. ಅದೂ ಬಹುಪಾಲು, ಸರ್ವಿಸ್‌ಗೆಂದು ಬೆಂಗಳೂರಿಗೆ ಹೋಗಿ ಬಂದದ್ದು.

ಈಗ ಅಂಗಡಿಯ ಸರಕು ಇಡಲು ಷೆಡ್ಡು ಬೇಕಾಗಿ, ಗಾಡಿ ಮಾರೋಣ ಎಂದು ಕುಮಾರ ಎಂಬ ಬ್ರೋಕರಿಗೆ ಹೇಳಿದೆ. ಅವನು ಬಂದು ಮೂರು ಸುತ್ತು ಹಾಕಿ, ಹಾವು ಕಂಡವನಂತೆ ನಿಂತ.

“ಸಾರ್, ಇಷ್ಟೊಂದು ಕ್ಲೀನಾಗಿದ್ರೆ ಜನಕ್ಕೆ ಡೌಟು ಬತ್ತದೆ. ಎಡಗಡೆ ಡೋರಿಗೆ ಒಸಿ ಗೀರು ಹಾಕ್ಬುಡಾನ. ನ್ಯಾಚುರಲ್ಲಾಗಿ ಕಾಣ್ತದೆ” ಅಂದ.

ಅವನ ಕೈಯಲ್ಲಿ ಬೀಗದ ಕೈ ಇತ್ತು. ನಾನು ಓಡಿಹೋಗಿ ಡೋರಿಗೆ ಅಡ್ಡ ನಿಂತೆ. ಹೆತ್ತ ಮಗುವಿಗೆ ದೃಷ್ಟಿಬೊಟ್ಟು ಇಡುವುದು ಬೇರೆ, ಬರೆ ಹಾಕುವುದು ಬೇರೆ ಎಂದು ಅವನಿಗೆ ಹೇಳಿ ಕಳಿಸಿದೆ. ಆದರೆ ಅವನು ಹೇಳಿದ್ದೇ ಆಯಿತು. ಕಲ್ಯದಿಂದ ಬಂದವರೊಬ್ಬರು ಸೀಟಿಗೆ ಮೂಗು ಹಚ್ಚಿ ಮೂಸಿ, “ನೀರಲ್ಲಿ ಮುಳುಗಿದ್ ಗಾಡೀನಾ?” ಅಂದರು. ಕನಕಪುರದಿಂದ ಬಂದವರು ಮೀಟರ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ತಿರುಗ್ಸೋದ್ ತಿರುಗ್ಸಿದ್ರಿ, ನಂಬೋ ಅಂಗಾದ್ರೂ ತಿರುಗ್ಸಬಾರ್ದಾ ಸಾರ್?”

ನನ್ನ ಮೈಯೆಲ್ಲ ಉರಿದುಹೋಯಿತು. ಮೀಟರನ್ನು ಹಿಂದಕ್ಕೆ ತಿರುಗಿಸಿ ಮೋಸ ಮಾಡುವವನು ಎಂಬ ಸುದ್ದಿ ನಾನು ಮನೆಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಅಲ್ಲಿಗೆ ತಲುಪಿತ್ತು. ಇಪ್ಪತ್ತು ವರ್ಷದಿಂದ ಬರುತ್ತಿರುವ ಗಿರಾಕಿ ಶಿವಮ್ಮ, ಹಿತ್ತಾಳೆ ಬಿಂದಿಗೆ ತೂಗುವಾಗ, “ಅಣ್ಣಾ, ತಕ್ಕಡಿ ಸರಿಯಾಗೈತಾ?” ಎಂದು ಬಗ್ಗಿ ನೋಡಿದಳು. ಗಾಡಿ ಮಾರದಿದ್ದರೆ ಹೋಗಲಿ; ತೂಕದ ಮೇಲೆ ನಿಂತಿರುವ ನನ್ನ ಹೆಸರು ಹೋದರೆ ಗತಿಯೇನು?

ಆ ಭಾನುವಾರ ಕೋಡಿಹಳ್ಳಿ ಕಡೆಯಿಂದ ಮಾದಪ್ಪ ಎಂಬಾತ ಬಂದ. ಕುರಿ ಸಾಕಿ ಮೇಲೆ ಬಂದ ಮನುಷ್ಯ. ಎಂಜಿನ್ ಕಡೆ ತಿರುಗಿಯೂ ನೋಡದೆ ಹಿಂದಿನ ಬಾಗಿಲು ತೆಗೆದು, “ಈ ಸೀಟು ಮಡಿಚಿದ್ರೆ ಎಷ್ಟು ಕುರಿ ಇಡೀತವೆ?” ಎಂದು ಕೇಳಿದ.

“ಕುರಿಯೇ! ಏನಪ್ಪಾ, ಇದನ್ನ ಏನು ಅಂತ ತಿಳ್ಕೊಂಡಿದೀಯ?” ಎಂದು ಕೂಗಿದೆ.

“ಕ್ವಾಪ ಮಾಡ್ಕಬ್ಯಾಡಿ ಯಜಮಾನ್ರೆ. ಎಂಡ್ರು ಮಕ್ಳು ಕೂತ್ಕಂಡ ಮ್ಯಾಲೆ ಜಾಗ ಮಿಕ್ಕಿದ್ರೆ ಅಂತ ಕೇಳ್ದೆ” ಅಂದ. ಆಮೇಲೆ ಮೀಟರ್ ನೋಡಿದ. “ಇದೊಂದು ಮಾತ್ರ ನಂಬಕಾಗಾಕಿಲ್ಲ.”

ಮತ್ತೆ ಅದೇ! ನಾನು ಸರ್ವಿಸ್ ಪುಸ್ತಕ ತಂದೆ, ಮನೆದೇವರ ಮೇಲೆ ಆಣೆ ಇಟ್ಟೆ, ಸತ್ಯವಂತರಿಗೆ ಕಾಲವಿಲ್ಲ ಎಂದು ಸಣ್ಣ ಭಾಷಣವನ್ನೂ ಮಾಡಿದೆ. ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜಾ ರೇಷ್ಮೆ ಸೀರೆ ಉಟ್ಟು, ಬ್ಯಾಗು ಹಿಡಿದು ಹೊರಗೆ ಬಂದಳು. ಅವಳ ತಂಗಿಯ ಮನೆಯವರು ಅವತ್ತು ಮೊಮ್ಮಗನನ್ನು ದೊಡ್ಡಮಳೂರಿನ ದೇವಸ್ಥಾನಕ್ಕೆ ಕರೆತಂದು, ಹರಕೆ ಹೊತ್ತಿದ್ದ ಮರದ ತೊಟ್ಟಿಲು ಒಪ್ಪಿಸುವವರಿದ್ದರು. ಮಾದಪ್ಪ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದ.

“ಅಕ್ಕ, ನೀವೇಳಿ. ಈ ಗಾಡೀಲಿ ದೂರ ಓದ್ರೆ ಸೊಂಟ ನೋಯ್ತದಾ?”

“ನಂಗೇನು ಗೊತ್ತಪ್ಪ? ನಾನು ಬಸ್ಸಲ್ಲೇ ಓಡಾಡೋದು” ಅಂದಳು ಗಿರಿಜಾ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ.

“ಎಂಟು ವರ್ಸದಿಂದ್ಲೂವಾ?”

“ಊಂ. ಮಗಳು ಬಾಣಂತನ ಮುಗಿಸ್ಕೊಂಡು ಹೋಗುವಾಗ್ಲೂ ಆಟೋದಲ್ಲೇ ಕಳಿಸಿದ್ವಿ. ಮಗು ಸೀಟಿನ ಮೇಲೆ ಹಾಲು ಕಕ್ತದೆ ಅಂದ್ರು ಇವ್ರು.”

ಮಾದಪ್ಪ ಅವಳನ್ನು ನೋಡಿದ, ಮೀಟರನ್ನು ನೋಡಿದ, ಕೊನೆಗೆ ನನ್ನನ್ನು ಬಹಳ ಹೊತ್ತು ನೋಡಿದ. “ಸರಿ ಬುಡಿ. ಮೀಟರು ನಿಜಾನೇಯ. ನಾಳೆ ಬಂದು ತಗಂಡೋಯ್ತೀನಿ” ಅಂದ. ಹೋಗುತ್ತಾ ಬೀದಿಯಲ್ಲಿ ಸಿಕ್ಕ ಇಬ್ಬರಿಗೆ ಅದನ್ನೇ ಹೇಳಿದ. ನನ್ನ ಮರ್ಯಾದೆ ಉಳಿಯಿತು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಒಳಗೆ ಹೋಗಿ ಕೀ ತಂದೆ. “ಬಾ ಗಿರಿಜಾ, ದೊಡ್ಡಮಳೂರಿಗೆ ಗಾಡೀಲೇ ಹೋಗೋಣ” ಅಂದೆ.

“ಬ್ಯಾಡ ಕಣ್ರೀ. ಈಗ ಇನ್ನೊಬ್ಬರ ಗಾಡಿ ಆಯ್ತಲ್ಲ. ಎಲ್ಲಾದ್ರೂ ತಗುಲ್ಕೊಂಡ್ರೆ? ನಂಗೆ ಬಸ್ಸು ಹೆಂಗಿದ್ರೂ ಫ್ರೀ” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಾನು ಗೇಟು ಹಾಕಿ ಅವಳ ಹಿಂದೆ ಓಡಿದೆ.

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಾಸು ಕೊಟ್ಟು ಟಿಕೆಟ್ ಕೊಂಡ ನಾನು ಕಂಬಿ ಹಿಡಿದು ತೂಗಾಡುತ್ತಾ ನಿಂತೆ. ಒಂದು ತಿರುವಿನಲ್ಲಿ ಅವಳ ಪಕ್ಕದ ಹೆಂಗಸಿನ ಮೇಲೆ ಬೀಳುವುದರಲ್ಲಿದ್ದೆ. ಆಕೆ ಬಯ್ಯಲು ಬಾಯಿ ತೆಗೆಯುವ ಮೊದಲೇ ಗಿರಿಜಾ ಸಮಾಧಾನ ಹೇಳಿದಳು: “ನಮ್ಮ ಯಜಮಾನ್ರು ಕಣಮ್ಮ. ಬೇಜಾರ್ ಮಾಡ್ಕೋಬೇಡ. ಬಸ್ಸು ಅಭ್ಯಾಸ ಇಲ್ಲ, ಮನೇಲಿ ಕಾರೈತೆ.”