ಡೀಫಾಲ್ಟ್ ಪಟ್ಟಾಭಿಷೇಕ

ನಮ್ಮ ಮನೆಯಲ್ಲಿ ನನ್ನ ನೆನಪಾಗುವುದು ಬಾತ್‌ರೂಮಿನ ಬಲ್ಬ್ ಹೋದಾಗ ಮಾತ್ರ. ಉಳಿದಂತೆ ಮೊದಲ ಸ್ಥಾನ ನನ್ನ ಹೆಂಡತಿಯ ಹೊಲಿಗೆ ಮಿಷನ್ನಿಗೆ. ಮಧ್ಯಾಹ್ನವಿಡೀ ಅದು ನಡುಮನೆಯಲ್ಲಿ ಕಟಕಟ ಅನ್ನುತ್ತಿರುತ್ತದೆ. ನಾನು ಒಳಗೆ ಕಿವಿಗೆ ದಿಂಬು ಒತ್ತಿಕೊಂಡು ಮಲಗಿರುತ್ತೇನೆ.

ಆದರೂ ನಾನು ಕಟುಕನಲ್ಲ. ಶಾಲೆಯ ಬ್ಯಾಂಡ್ ಮಕ್ಕಳಿಗೆ ನಲವತ್ತು ಜೊತೆ ಸಮವಸ್ತ್ರ ಹೊಲಿಸಲು ಹೆಡ್‌ಮೇಡಂ ಶನಿವಾರ ನಾಲ್ಕಕ್ಕೆ ಬಂದು ಇವಳ ಮಾದರಿಗಳನ್ನು ನೋಡುತ್ತಾರೆ ಎಂದು ಇವಳು ಹೇಳಿದಾಗ ನಾನೂ ಖುಷಿಪಟ್ಟೆ. ಹತ್ತು ವರ್ಷ ಊರವರ ಝಿಪ್ ಬದಲಿಸಿ ಇವಳ ಕಣ್ಣು ಸೋತಿತ್ತು. ಇಷ್ಟು ದೊಡ್ಡ ಕೆಲಸ ಬಂದಿದ್ದು ಇದೇ ಮೊದಲು. ಕೈತಪ್ಪಿದರೆ ಮತ್ತೆ ಝಿಪ್ಪೇ ಗತಿ.

"ನಾನೊಂದು ಪ್ರೋಗ್ರಾಂ ಬರೀತೀನಿ. ಗುಂಡಿ ಒತ್ತಿದ್ರೆ ನೀನು ಹೊಲಿದ ಬಟ್ಟೆಗಳ ಆಲ್ಬಂ ತೆರ್ಕೊಳುತ್ತೆ" ಎಂದು ಘೋಷಿಸಿದೆ.

"ನೀವಾ? ಮೊನ್ನೆ ರಿಮೋಟಿಗೆ ಸೆಲ್ ಉಲ್ಟಾ ಹಾಕಿದ್ರಲ್ಲ?"

"ಅದು ಬೇರೆ ವಿಭಾಗ!"

ಹಟ ಹಿಡಿದೆ. ಒಂದು ವಾರ ಕೂತು ಬರೆದೇಬಿಟ್ಟೆ: ಒಂದು ಕಿಟಕಿ, ಅದರಲ್ಲಿ 'ಮಾದರಿಗಳು' ಎಂಬ ಒಂದೇ ಗುಂಡಿ. ಒತ್ತಿದರೆ ಇಂಟರ್‌ನೆಟ್ಟಿನಲ್ಲಿರುವ ಇವಳ ಆಲ್ಬಂ ತೆರೆಯಬೇಕು. ಯಾವ ಬ್ರೌಸರಿನಲ್ಲಿ? ಅದನ್ನು ನನ್ನ ಪ್ರೋಗ್ರಾಂ ಕೇಳುವುದಿಲ್ಲ. ಕಂಪ್ಯೂಟರಿನಲ್ಲಿ ಮೊದಲೇ ಯಾವುದನ್ನು ಡೀಫಾಲ್ಟ್ ಎಂದು ನೇಮಿಸಿದೆಯೋ ಅದರ ಕೈಗೆ ಪುಟವನ್ನು ಒಪ್ಪಿಸಿ ಸುಮ್ಮನಾಗುತ್ತದೆ. (ಗಂಡಂದಿರೂ ಹೀಗೇ ಇದ್ದರೆ ಮನೆ ನೆಮ್ಮದಿ.)

ನಮ್ಮಲ್ಲಿ ಬ್ರೌಸರ್ ಎರಡು. ಜಗಳವಾಗಿ ಪಾಲು ಮಾಡಿಕೊಂಡಿದ್ದೇವೆ. ಒಂದು ಅವಳದು, ಒಂದು ನನ್ನದು. ಡೀಫಾಲ್ಟ್ ಅವಳದೇ ಆಗಿತ್ತು. ನಾಲ್ಕೈದು ಸಲ ಒತ್ತಿ ನೋಡಿದೆ, ಆಲ್ಬಂ ಸೊಗಸಾಗಿ ತೆರೆದುಕೊಂಡಿತು. ಅಷ್ಟಕ್ಕೇ ಎದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬರೆದವನು ನಾನು, ಮೆರೆಯುವುದು ಅವಳ ಬ್ರೌಸರೇ? ಶನಿವಾರ ಮೂರೂವರೆಗೆ, ಅವಳು ಮುಖ ತೊಳೆಯಲು ಹೋದಾಗ, ನನ್ನದಕ್ಕೆ ಡೀಫಾಲ್ಟ್ ಪಟ್ಟ ಕಟ್ಟಿದೆ.

ಹೆಡ್‌ಮೇಡಂ ಬಂದರು. ನಾನು ಗಂಟಲು ಸರಿಪಡಿಸಿಕೊಂಡು ಗುಂಡಿ ಒತ್ತಿದೆ. ಬಂದದ್ದು ಆಲ್ಬಂ ಅಲ್ಲ, 'ಪಾಸ್‌ವರ್ಡ್ ಕೊಡಿ' ಎಂಬ ಪುಟ. ಅವಳ ಬ್ರೌಸರಿಗೆ ಅವಳ ಗುರುತಿತ್ತು, ನನ್ನದಕ್ಕೆಲ್ಲಿಯದು! ಮತ್ತೆ ಒತ್ತಿದೆ. ಮತ್ತೊಂದು ಅಂಥದೇ ಪುಟ. ಪಟ್ಟು ಬಿಡದೆ ಆರು ಸಲ ಒತ್ತಿದೆ. ಆರು ಪುಟಗಳೂ ಸಾಲಾಗಿ ನಿಂತು ಪಾಸ್‌ವರ್ಡ್ ಕೇಳಿದವು.

"ಆ ತುದೀಲಿ ಏನೋ ಮಿಷನ್ ಅಂತಿದೆಯಲ್ಲ, ಅದಿರ್ಬಹುದೇ?" ಎಂದರು ಹೆಡ್‌ಮೇಡಂ.

ನನ್ನ ಬ್ರೌಸರಿಗೊಂದು ಚಾಳಿಯಿದೆ: ಹಿಂದಿನ ಸಲ ಮುಚ್ಚದೆ ಬಿಟ್ಟ ಪುಟಗಳನ್ನೆಲ್ಲ ಮತ್ತೆ ತಂದು ನಿಲ್ಲಿಸುತ್ತದೆ. ನಾನು ಕೈ ಅಡ್ಡ ಹಾಕುವಷ್ಟರಲ್ಲಿ ಇವಳು ಮೌಸ್ ಕಿತ್ತುಕೊಂಡು ಒತ್ತಿಯಾಗಿತ್ತು. ಪರದೆಯ ತುಂಬ ಇವಳ ಹೊಲಿಗೆ ಮಿಷನ್ನಿನ ಫೋಟೋ. ಕೆಳಗೆ ನನ್ನದೇ ಸಾಹಿತ್ಯ:

'ಹಳೇ ಮಿಷನ್ ಕೊಡುವುದಿದೆ. ಶಬ್ದ ಜಾಸ್ತಿ, ಕೆಲಸ ಕಡಿಮೆ. ಮನೆಯಲ್ಲಿ ಜಾಗ ಸಾಲದು. ಬಂದು ಎತ್ತಿಕೊಂಡು ಹೋಗುವವರಿಗೆ ಉಚಿತ.'

(ಎರಡು ತಿಂಗಳ ಹಿಂದೆ ನಿದ್ದೆಗೆಟ್ಟ ಸಿಟ್ಟಿನಲ್ಲಿ ಈ ಜಾಹೀರಾತು ಹಾಕಿದ್ದೆ. ಇಬ್ಬರು ಫೋನ್ ಮಾಡಿದಾಗ ಇವಳು ಎದುರಿಗೇ ಇದ್ದಳೆಂದು 'ರಾಂಗ್ ನಂಬರ್' ಅಂದಿದ್ದೆ.)

"ಮಿಷನ್ನೇ ಕೊಟ್ಬಿಟ್ರೆ ನಮ್ಮ ಮಕ್ಕಳಿಗೆ ಹೊಲಿಯೋದು ಹೇಗಮ್ಮಾ?" ಹೆಡ್‌ಮೇಡಂ ಬ್ಯಾಗ್ ಎತ್ತಿಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಒಂದೇ ನಿಮಿಷ ಕೂತ್ಕೊಳ್ಳಿ ಮೇಡಂ" ಎಂದ ಇವಳು ತನ್ನ ಬ್ರೌಸರ್ ತೆರೆದಳು. ಆಲ್ಬಂ ಬಂತು. ಅರ್ಧ ಗಂಟೆಯಲ್ಲಿ ನಲವತ್ತು ಜೊತೆಯೂ ನಿಶ್ಚಯವಾಯಿತು. ನಾನು ಮೂಲೆಯಲ್ಲಿ ನಿಂತು ಫ್ಯಾನ್ ನೋಡುತ್ತಿದ್ದೆ.

ಅವರು ಹೋದ ಮೇಲೆ ಕಾಲು ಹಿಡಿಯುವುದೊಂದು ಬಾಕಿ. "ತಪ್ಪಾಯ್ತು ಕಣೇ, ಈಗಲೇ ಅಳಿಸಿಬಿಡ್ತೀನಿ" ಎಂದೆ.

"ಯಾಕ್ರೀ ಅಳಿಸ್ತೀರಾ? ಚೆನ್ನಾಗಿ ಬರ್ದಿದೀರಿ. ಫೋಟೋ ಒಂದು ತಪ್ಪಾಗಿದೆ, ಅಷ್ಟೇ."

ಒಂದಕ್ಷರವನ್ನೂ ತಿದ್ದಲಿಲ್ಲ. ಮಿಷನ್ನಿನ ಫೋಟೋ ತೆಗೆದು, ನಾನು ಬನಿಯನ್ನಿನಲ್ಲಿ ಬಾಯಿ ತೆರೆದು ಮಲಗಿದ್ದ ಫೋಟೋ ಹಾಕಿದಳು.

ಈಗ ಸಮವಸ್ತ್ರಗಳಿಗೆ ಗುಂಡಿ ಹೊಲಿಯುವುದು ನನ್ನ ಕೆಲಸ. ಹೊಲಿಯುತ್ತಲೇ ಫೋನ್ ಕಡೆ ಒಂದು ಕಣ್ಣಿಟ್ಟಿರುತ್ತೇನೆ. ಮಿಷನ್ನಿಗಾದರೂ ಇಬ್ಬರು ಕೇಳಿದ್ದರು. ಮೂರು ವಾರವಾಯಿತು, ಉಚಿತ ಅಂದರೂ ನನ್ನನ್ನು ಕೇಳಿ ಒಂದು ಫೋನೂ ಬಂದಿಲ್ಲ.